ಪೋಲ್ ಗೆದ್ದನೇ? ಶಾಬ್ರೋಲ್ ಅವರ ‘ದಿ ಕಸಿನ್ಸ್’ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: 1959ರ ಫ್ರೆಂಚ್ ಸಿನಿಮಾ ‘ದಿ ಕಸಿನ್ಸ್’ ನೋಡಿದೆ. ಊರಿಂದ ಪ್ಯಾರಿಸ್‌ಗೆ ಓದಲು ಬಂದ ಶಾರ್ಲ್ ರಾತ್ರಿಯೆಲ್ಲ ಪುಸ್ತಕ ಹಿಡಿದು ಕೂರುತ್ತಾನೆ, ನಿಜವಾಗಿ ಪ್ರೀತಿಸುತ್ತಾನೆ. ಅವನೇ ಫೇಲ್ ಆಗುತ್ತಾನೆ, ಹುಡುಗಿಯನ್ನೂ ಕಳೆದುಕೊಳ್ಳುತ್ತಾನೆ, ಕೊನೆಗೆ ಸಾಯುತ್ತಾನೆ. ಓದನ್ನೇ ಮಾಡದೆ ಪಾರ್ಟಿ ಮಾಡಿಕೊಂಡಿರುವ ಶ್ರೀಮಂತ ದಾಯಾದಿ ಪೋಲ್ ಪಾಸಾಗುತ್ತಾನೆ. ಅವನು ನಾಜಿ ಟೋಪಿ ಹಾಕಿಕೊಂಡು ಓಡಾಡುವ ದೃಶ್ಯ ನೋಡಿ ಮೈ ಉರಿಯಿತು. ನಿರ್ದೇಶಕರು ಯಾರ ಪರ? ಎಲ್ಲವೂ ಇರುವ ಈ ಹುಡುಗರಿಗೆ ಇರುವ ಕೊರತೆಯಾದರೂ ಏನು?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. 1959ರ ಮಾರ್ಚಿನಲ್ಲಿ ಈ ಸಿನಿಮಾ ಪ್ಯಾರಿಸ್‌ನಲ್ಲಿ ತೆರೆಕಂಡಾಗಲೂ ಜನ ಇದೇ ಜಗಳ ಆಡಿದರು. ಎಡಪಂಥದ ಕೆಲವು ವಿಮರ್ಶಕರಿಗೆ ಇದರಲ್ಲಿ ಫ್ಯಾಸಿಸಂನ ವಾಸನೆ ಬಂತು. ಅದೇ ವರ್ಷ ಬರ್ಲಿನ್ ಚಿತ್ರೋತ್ಸವ ಇದಕ್ಕೆ ತನ್ನ ಅತಿ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಕೊಟ್ಟಿತು. ಆ ಟೋಪಿಯ ದೃಶ್ಯ ಜರ್ಮನ್ನರಿಗೆ ಎಷ್ಟು ಚುಚ್ಚಿರಬೇಕು ಯೋಚಿಸಿ. ಆದರೂ ಕೊಟ್ಟರು.

ನಿರ್ದೇಶಕ ಕ್ಲೋಡ್ ಶಾಬ್ರೋಲ್ ಯಾರ ಪರ ಅಂತ ಕೇಳಿದ್ದೀರಿ. ಅವರು ಪೋಲ್ ಕಡೆಗೂ ಇಲ್ಲ, ಶಾರ್ಲ್ ಕಡೆಗೂ ಇಲ್ಲ ಅಂತ ನನಗೆ ಅನಿಸುತ್ತದೆ. ಅವರ ಕಣ್ಣು ಬೇರೊಂದು ಕಡೆ ಇದೆ. ಶಾರ್ಲ್ ಬಂದು ಇಳಿಯುವ ಪೋಲ್‌ನ ಆ ಮನೆಯಲ್ಲಿ ಪೋಲ್ ಏನೇ ಮಾಡಲಿ, ಅದರ ಬೆಲೆ ತೆರುವವರು ಇನ್ಯಾರೋ ಆಗಿರುತ್ತಾರೆ. ಸಿನಿಮಾ ಉದ್ದಕ್ಕೂ ಇದೇ ನಡೆಯುತ್ತದೆ. ಇದೊಂದನ್ನು ಹಿಡಿದುಕೊಂಡು ಮತ್ತೆ ನೋಡಿದರೆ ಕೊನೆ ಅನ್ಯಾಯ ಅಂತ ಅನಿಸುವುದಿಲ್ಲ. ಭಯ ಆಗುತ್ತದೆ. (ಇನ್ನು ಮುಂದೆ ಕಥೆಯನ್ನು ಪೂರ್ತಿ ಬಿಚ್ಚಿಡುತ್ತೇನೆ. ಸಿನಿಮಾ ನೋಡದವರು ನೋಡಿಕೊಂಡು ಬರುವುದು ಒಳ್ಳೆಯದು.)

ತುಂಬಾ ಜನ ಮರೆತುಬಿಡುವ ಒಂದು ದೃಶ್ಯದಿಂದ ಶುರು ಮಾಡುತ್ತೇನೆ. ಶಾರ್ಲ್ ಬಂದ ಸ್ವಲ್ಪ ಹೊತ್ತಿಗೆ ಜೆನ್ವಿಯೆವ್ ಅನ್ನುವ ಹುಡುಗಿ ಆ ಮನೆಗೆ ಬರುತ್ತಾಳೆ. ಪೋಲ್‌ನಿಂದ ಬಸಿರಾಗಿದ್ದಾಳೆ. ಪೋಲ್‌ಗೆ ಅದನ್ನು ಎದುರಿಸುವ ತಾಕತ್ತಿಲ್ಲ. ಅವನ ಬಾಲದಂತೆ ಇರುವ, ವಯಸ್ಸಿನಲ್ಲಿ ಹಿರಿಯನಾದ ಕ್ಲೋವಿಸ್ ವಿಷಯವನ್ನು ಕೈಗೆತ್ತಿಕೊಳ್ಳುತ್ತಾನೆ. ನಯವಾಗಿ ಮಾತಾಡಿ, ಬಸಿರು ತೆಗೆಸಿಕೊಳ್ಳಲು ಒಪ್ಪಿಸಿ ಕಳಿಸುತ್ತಾನೆ. ಅಲ್ಲಿಗೆ ಆ ಮನೆಯ ಮಟ್ಟಿಗೆ ವಿಷಯ ಮುಗಿಯಿತು. ಸಂಜೆ ಪಾರ್ಟಿ.

1959ರಲ್ಲಿ ಫ್ರಾನ್ಸಿನಲ್ಲಿ ಗರ್ಭಪಾತ ಅಪರಾಧ. 1920ರ ಕಾನೂನು ಇನ್ನೂ ಜಾರಿಯಲ್ಲಿತ್ತು. ಯುದ್ಧದ ಕಾಲದಲ್ಲಿ ಅದು ಎಷ್ಟು ಕ್ರೂರವಾಗಿತ್ತು ಅಂದರೆ, 1943ರ ಜುಲೈನಲ್ಲಿ ಮರಿ-ಲುಯೀಸ್ ಜಿರೋ ಅನ್ನುವ ಹೆಂಗಸಿಗೆ ಬೇರೆ ಹೆಂಗಸರ ಬಸಿರು ತೆಗೆದದ್ದಕ್ಕೆ ಗಿಲೋಟಿನ್ ಶಿಕ್ಷೆ ಆಯಿತು. ಆರೋಗ್ಯ ಸಚಿವೆ ಸಿಮೋನ್ ವೇಯ್ ಮುಂದೆ ನಿಂತು ಕಾನೂನು ಬದಲಾಯಿಸಿದ್ದು 1975ರಲ್ಲಿ. ಅಂದರೆ ಪೋಲ್ ಮನೆಯಿಂದ ಹೊರಗೆ ಹೋದ ಜೆನ್ವಿಯೆವ್ ಕದ್ದುಮುಚ್ಚಿ, ಜೀವ ಪಣಕ್ಕಿಟ್ಟು ಮಾಡಿಸಿಕೊಳ್ಳಬೇಕಾದ ಕೆಲಸ ಅದು. ಪೋಲ್ ಏನು ಓದುತ್ತಿದ್ದಾನೆ? ಕಾನೂನು! ನಾಳೆ ಕರಿಕೋಟು ಹಾಕಿಕೊಳ್ಳುವವನು ಅವನು. ಶಾಬ್ರೋಲ್ ಇದನ್ನು ಯಾರ ಬಾಯಲ್ಲೂ ಹೇಳಿಸುವುದಿಲ್ಲ. ಸುಮ್ನೆ ತೋರಿಸಿ ಮುಂದೆ ಹೋಗುತ್ತಾರೆ.

ಇಲ್ಲೊಂದು ಮಾತು ಸೇರಿಸಲೇಬೇಕು. 1988ರಲ್ಲಿ ಶಾಬ್ರೋಲ್ ಆ ಜಿರೋ ಪ್ರಕರಣವನ್ನೇ ಆಧರಿಸಿ ‘ಸ್ಟೋರಿ ಆಫ್ ವಿಮೆನ್’ ಮಾಡಿದರು. ಮುಖ್ಯ ಪಾತ್ರದಲ್ಲಿ ಇಸಬೆಲ್ ಯೂಪೆರ್. 1959ರಲ್ಲಿ ಶ್ರೀಮಂತನ ಮನೆಯೊಳಗಿಂದ ಕೆಲವೇ ನಿಮಿಷ ನೋಡಿದ್ದನ್ನು, ಸುಮಾರು ಮೂವತ್ತು ವರ್ಷ ಕಳೆದ ಮೇಲೆ ಬಡ ಹೆಂಗಸಿನ ಅಡುಗೆಮನೆಯಿಂದ ಪೂರ್ತಿಯಾಗಿ ನೋಡಿದರು. ಶಾಬ್ರೋಲ್‌ಗೆ ಮನುಷ್ಯರ ಬಗ್ಗೆ ಕಾಳಜಿ ಇಲ್ಲ, ತಣ್ಣಗೆ ನೋಡುತ್ತಾರೆ ಅನ್ನುವವರಿಗೆ ನಾನು ಈ ಎರಡನ್ನೂ ಒಟ್ಟಿಗೆ ನೋಡಿ ಅಂತ ಹೇಳುತ್ತೇನೆ.

ಈಗ ಆ ಟೋಪಿಯ ದೃಶ್ಯ. ಪಾರ್ಟಿ ಜೋರಾಗಿದೆ. ದೀಪಗಳು ಆರುತ್ತವೆ. ಜರ್ಮನ್ ಸಂಗೀತಕಾರ ವಾಗ್ನರ್ ಅವರ ಸಂಗೀತದ ತಟ್ಟೆ ತಿರುಗುತ್ತಿದೆ. ಪೋಲ್ ಜರ್ಮನ್ ಅಧಿಕಾರಿಯ ಟೋಪಿ ಹಾಕಿ, ಕೈಯಲ್ಲಿ ಮೇಣದಬತ್ತಿಯ ಕಂಬ ಹಿಡಿದು, ಜರ್ಮನ್ ಭಾಷೆಯಲ್ಲಿ ಏನೋ ಹೇಳುತ್ತಾ ಜನರ ನಡುವೆ ನಡೆಯುತ್ತಾನೆ. ನೋಡಲು ಚೆಂದವಾಗಿಯೇ ಇದೆ, ಅದೇ ಕಷ್ಟ. ಕುಡಿದು ಮಲಗಿರುವ ಒಬ್ಬ ಯಹೂದಿ ಗೆಳೆಯನ ಮುಖಕ್ಕೆ ಬೆಳಕು ಹಿಡಿದು ‘ಗೆಸ್ಟಾಪೊ’ (ನಾಜಿಗಳ ಗುಪ್ತ ಪೊಲೀಸ್) ಅಂತ ಕೂಗಿ ಎಬ್ಬಿಸುತ್ತಾನೆ. ಆ ಹುಡುಗ ಬೆಚ್ಚಿಬಿದ್ದು ಏಳುತ್ತಾನೆ.

ಆ ಹುಡುಗನ ವಯಸ್ಸು ಲೆಕ್ಕ ಹಾಕಿ ನೋಡಿ. ಇಪ್ಪತ್ತು-ಇಪ್ಪತ್ತೆರಡು ಇರಬಹುದು. 1942ರ ಜುಲೈನಲ್ಲಿ ಪ್ಯಾರಿಸ್ ಪೊಲೀಸರು ಬೆಳಗಿನ ಜಾವ ಮನೆಮನೆಗೆ ಹೋಗಿ 13,000ದಷ್ಟು ಯಹೂದಿಗಳನ್ನು ಹಿಡಿದರಲ್ಲ, ಆಗ ಇವನು ಚಿಕ್ಕ ಮಗು. ಅದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಕ್ಕಳಿದ್ದರು. ಬಾಗಿಲು ಬಡಿದವರು ಜರ್ಮನ್ನರಲ್ಲ, ಫ್ರೆಂಚ್ ಪೊಲೀಸರು. 1959ರಲ್ಲಿ ಇದನ್ನು ಫ್ರಾನ್ಸ್ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅಲೆನ್ ರೆನೆ ಅವರ ‘ನೈಟ್ ಅಂಡ್ ಫಾಗ್’ ಅನ್ನುವ ಸಾಕ್ಷ್ಯಚಿತ್ರ 1956ರಲ್ಲಿ ಬಂತು. ಅದರ ಒಂದು ಫೋಟೋದಲ್ಲಿ ಯಹೂದಿಗಳನ್ನು ಕೂಡಿಹಾಕಿದ್ದ ಶಿಬಿರವನ್ನು ಕಾಯುತ್ತಿರುವ ಫ್ರೆಂಚ್ ಪೊಲೀಸನ ಟೋಪಿ ಕಾಣುತ್ತಿತ್ತು. ಅದನ್ನು ಮುಚ್ಚಿ ಅಂತ ಸೆನ್ಸಾರ್‌ನವರು ಹಟ ಹಿಡಿದರು. ಮುಚ್ಚಲೇಬೇಕಾಯಿತು.

ಇದಾಗಿ ಮೂರೇ ವರ್ಷಕ್ಕೆ ಶಾಬ್ರೋಲ್ ಏನು ಮಾಡಿದರು ನೋಡಿ. ಜರ್ಮನ್ ಟೋಪಿಯನ್ನು ತಂದು ಪ್ಯಾರಿಸ್ ಪಕ್ಕದ ನ್ಯೂಯಿಯ ಒಬ್ಬ ಫ್ರೆಂಚ್ ಶ್ರೀಮಂತ ಹುಡುಗನ ತಲೆಗೆ ಇಟ್ಟರು. ಇದನ್ನು ಫ್ಯಾಸಿಸಂ ಪರ ಅಂತ ಓದುವುದು ನನಗೆ ಸಾಧ್ಯವೇ ಆಗುವುದಿಲ್ಲ. ಆ ದೃಶ್ಯದಲ್ಲಿ ಕ್ಯಾಮೆರಾ ಪೋಲ್‌ನ ಚೆಲುವಿಗೆ ಸ್ವಲ್ಪ ಹೊತ್ತು ಮರುಳಾಗುತ್ತದೆ, ಒಪ್ಪುತ್ತೇನೆ. ಆದರೆ ಆ ಯಹೂದಿ ಹುಡುಗನ ಮುಖ ತೋರಿಸಿದ ತಕ್ಷಣ ಆಟದ ಬಣ್ಣ ಹೋಗುತ್ತದೆ. ಪೋಲ್‌ಗೆ ಅದು ವೇಷ. ಮಲಗಿದ್ದವನಿಗೆ ಅದು ನೆನಪು.

ಸಂಭಾಷಣೆ ಬರೆದ ಪೋಲ್ ಜೆಗೋಫ್ ಬಗ್ಗೆ ನಿಮಗೆ ಗೊತ್ತಿದ್ದರೆ ಅನುಮಾನ ಇನ್ನಷ್ಟು ಹೆಚ್ಚಬಹುದು. ಸಭ್ಯಸ್ಥರನ್ನು ಕೆಣಕುವುದರಲ್ಲೇ ಖುಷಿ ಕಾಣುತ್ತಿದ್ದ ಮನುಷ್ಯ ಅಂತ ಅವರಿಗೆ ಹೆಸರು. ಪೋಲ್ ಪಾತ್ರದಲ್ಲಿ ಅವರ ನೆರಳು ಜಾಸ್ತಿಯೇ ಇದೆ. ಶಾಬ್ರೋಲ್ ಅವರೊಂದಿಗೆ ಎಷ್ಟೋ ಸಿನಿಮಾಗಳಲ್ಲಿ ಕೆಲಸ ಮಾಡಿದರು. ನನ್ನ ಮಟ್ಟಿಗೆ ಈ ಚಿತ್ರದ ಬಲವೇ ಅಲ್ಲಿದೆ. ಮಾತು ಬರೆದವರು ಆ ಲೋಕದ ಸೊಗಸನ್ನು ಒಳಗಿಂದ ಬಲ್ಲವರು. ಅದನ್ನು ಚಿತ್ರಿಸಿದವರು ಒಂದು ಹೆಜ್ಜೆ ಹಿಂದೆ ನಿಂತವರು. ಇಬ್ಬರೂ ಒಂದೇ ತರಹ ಯೋಚಿಸಿದ್ದರೆ ಇದು ಬರೀ ಹೊಗಳಿಕೆಯೋ ಬರೀ ಬೈಗುಳವೋ ಆಗಿಬಿಡುತ್ತಿತ್ತು.

ಬೈಗುಳ ಹೇಗಿರುತ್ತದೆ ಅಂತ ನೋಡಬೇಕಾದರೆ ಅದಕ್ಕೂ ಉದಾಹರಣೆ ಇದೆ. 1958ರಲ್ಲಿ ಮಾರ್ಸೆಲ್ ಕಾರ್ನೆ ‘ಲೆ ತ್ರಿಷೂರ್’ ಮಾಡಿದರು. ಪ್ಯಾರಿಸ್‌ನ ಸೇಂಟ್ ಜರ್ಮೇನ್ ಬಡಾವಣೆಯಲ್ಲಿ ಕುಡಿತ, ಜಾಜ್, ಪ್ರೀತಿಯನ್ನು ಒಪ್ಪಿಕೊಳ್ಳದ ಹಟ ಇಷ್ಟರಲ್ಲೇ ಮುಳುಗಿರುವ ಹುಡುಗ ಹುಡುಗಿಯರ ಕಥೆ. ಕೊನೆಗೆ ಹುಡುಗಿ ಜಾಗ್ವಾರ್ ಕಾರನ್ನು ಹುಚ್ಚು ವೇಗದಲ್ಲಿ ಓಡಿಸಿ ಅಪಘಾತದಲ್ಲಿ ಸಾಯುತ್ತಾಳೆ. ಚಿತ್ರ ಭರ್ಜರಿಯಾಗಿ ಓಡಿತು. ಕಾರ್ನೆ ದೊಡ್ಡ ನಿರ್ದೇಶಕರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗ ಅವರಿಗೆ 52 ವರ್ಷ. ಈಗಿನ ಹುಡುಗರು ಹೀಗಾಗಿಬಿಟ್ಟರಲ್ಲ ಅನ್ನುವ ಹಿರಿಯರ ಕಳವಳ ಅದರಲ್ಲಿ ಎದ್ದು ಕಾಣುತ್ತದೆ.

ಶಾಬ್ರೋಲ್‌ಗೆ ಆಗ 28. ಔಷಧ ಅಂಗಡಿಯವರ ಮಗ. ತಾವೂ ಪ್ಯಾರಿಸ್‌ನಲ್ಲಿ ಕಾನೂನು ಓದಲು ಹೋಗಿದ್ದವರು. ಆ ಬೆಂಚು, ಆ ಪರೀಕ್ಷೆ, ವಿದ್ಯಾರ್ಥಿ ಸಂಘದ ಆ ಗದ್ದಲ ಅವರಿಗೆ ಗೊತ್ತಿತ್ತು. ಇನ್ನೊಂದು ವಿಷಯವೂ ಇದೆ. ಅವರ ಮೊದಲ ಸಿನಿಮಾಕ್ಕೆ ದುಡ್ಡು ಬಂದದ್ದು ಹೆಂಡತಿಯ ಮನೆಕಡೆಯ ಪಿತ್ರಾರ್ಜಿತದಿಂದ. ಆ ಚಿತ್ರಕ್ಕೆ ಸರ್ಕಾರದ ಸಹಾಯಧನ ಸಿಕ್ಕಿತು. ಅದರಿಂದ ಎರಡನೆಯದು, ಅಂದರೆ ಈ ಚಿತ್ರ, ಶುರುವಾಯಿತು. ದುಡಿಯದೇ ಬಂದ ಹಣ ಮನುಷ್ಯನಿಗೆ ಏನೇನು ಬಾಗಿಲು ತೆಗೆಯುತ್ತದೆ ಅನ್ನುವುದು ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಆ ಮೊದಲ ಸಿನಿಮಾ ‘ಲೆ ಬೋ ಸೆರ್ಜ್’ ನೋಡದೆ ಇದನ್ನು ನೋಡಿದರೆ ಅರ್ಧ ರುಚಿ ತಪ್ಪಿಹೋಗುತ್ತದೆ. ಶಾಬ್ರೋಲ್ ಯುದ್ಧಕಾಲದಲ್ಲಿ ಬೆಳೆದ ಸಾರ್ದಾಂ ಅನ್ನುವ ಹಳ್ಳಿಯಲ್ಲೇ ಅದರ ಚಿತ್ರೀಕರಣ ನಡೆಯಿತು. ಅಲ್ಲಿ ಜಾನ್-ಕ್ಲೋಡ್ ಬ್ರಿಯಾಲಿ ಪಟ್ಟಣದಿಂದ ಹಳ್ಳಿಗೆ ಮರಳುವ ಒಳ್ಳೆಯ ಹುಡುಗ. ಜೆರಾರ್ ಬ್ಲೇಂ ಹಳ್ಳಿಯಲ್ಲಿ ಕುಡಿದು ಹಾಳಾದ ಗೆಳೆಯ. ಇಲ್ಲಿ ಅದೇ ಇಬ್ಬರು, ಪಾತ್ರಗಳು ತಿರುಗುಮುರುಗು. ಬ್ಲೇಂ ಊರಿಂದ ಪಟ್ಟಣಕ್ಕೆ ಬರುವ ಶಾರ್ಲ್, ಬ್ರಿಯಾಲಿ ಪೋಲ್. ಒಳ್ಳೆಯವನ ಮುಖ ಕೆಟ್ಟವನಿಗೆ ಬಂದಿದೆ. ಯಾರನ್ನೂ ಹುಟ್ಟುಗುಣದಿಂದ ಅಳೆಯಬೇಡಿ ಅನ್ನುವುದನ್ನು ನಟರನ್ನು ಅದಲುಬದಲು ಮಾಡಿಯೇ ಹೇಳಿದ್ದಾರೆ.

ಶಾರ್ಲ್ ವಿಷಯಕ್ಕೆ ಬರೋಣ. ಅವನು ಪಾಪದವನು ಅನ್ನುವ ಧಾಟಿಯಲ್ಲಿ ನೀವು ಬರೆದಿದ್ದೀರಿ. ಅವನ ಮೇಲೆ ನನಗೂ ಕನಿಕರ ಇದೆ. ಅಮ್ಮನಿಗೆ ತಪ್ಪದೆ ಕಾಗದ ಬರೆಯುತ್ತಾನೆ. ಪುಸ್ತಕದಂಗಡಿಗೆ ಹೋಗಿ ಫ್ರೆಂಚ್ ಕಾದಂಬರಿಕಾರ ಬಾಲ್ಜಾಕ್‌ನ ಪುಸ್ತಕ ಹುಡುಕುತ್ತಾನೆ. ಅಂಗಡಿಯವರು ಇಡೀ ಸಿನಿಮಾದಲ್ಲಿ ನೆಟ್ಟಗೆ ಮಾತಾಡುವ ಒಬ್ಬರೇ ಹಿರಿಯರು. ಈಗಿನ ವಿದ್ಯಾರ್ಥಿಗಳು ಒಳ್ಳೆಯ ಪುಸ್ತಕವನ್ನೇ ಕೇಳುವುದಿಲ್ಲ ಅಂತ ನೊಂದುಕೊಂಡಿದ್ದವರು. ಈ ಹುಡುಗನ ಕೈಗೆ ‘ಲಾಸ್ಟ್ ಇಲ್ಯೂಷನ್ಸ್’ ಕಾದಂಬರಿ ಸೇರುವಂತೆ ಮಾಡುತ್ತಾರೆ. ಸಣ್ಣ ಊರಿನ ಪ್ರತಿಭಾವಂತ ಹುಡುಗ ಪ್ಯಾರಿಸ್‌ಗೆ ಬಂದು ಅಲ್ಲಿನ ಹಣ, ಹೆಸರು, ಮೋಸಗಳ ನಡುವೆ ಕನಸನ್ನೆಲ್ಲ ಕಳೆದುಕೊಳ್ಳುವ ಕಥೆ ಅದು. 1837ರಿಂದ 1843ರವರೆಗೆ ಭಾಗಭಾಗವಾಗಿ ಬಂದದ್ದು. ಅಂದರೆ ಶಾರ್ಲ್‌ನ ಜಾತಕ ಅವನ ಕೈಯಲ್ಲೇ ಇತ್ತು. ಒಂದು ವ್ಯತ್ಯಾಸ ಇದೆ. ಬಾಲ್ಜಾಕ್‌ನ ಹುಡುಗರು ಪ್ಯಾರಿಸ್‌ನ ಆಟವನ್ನು ಕಲಿಯುತ್ತಾರೆ, ಆಡುತ್ತಾರೆ, ಗೆಲ್ಲುತ್ತಾರೆ ಇಲ್ಲವೇ ಸೋಲುತ್ತಾರೆ. ಶಾರ್ಲ್ ಆಟಕ್ಕೆ ಇಳಿಯುವುದೇ ಇಲ್ಲ. ನಾನು ಓದಿದ್ದೇನೆ, ಆದ್ದರಿಂದ ಪಾಸಾಗಬೇಕು. ನಾನು ಪ್ರೀತಿಸಿದ್ದೇನೆ, ಆದ್ದರಿಂದ ಅವಳು ಸಿಗಬೇಕು. ಲೋಕ ತನಗೆ ಸಾಲ ತೀರಿಸಬೇಕು ಅನ್ನುವ ಹಾಗೆ ಅವನ ನಂಬಿಕೆ. ಕಷ್ಟಪಟ್ಟು ಓದಿದ ನಮ್ಮಲ್ಲಿ ಎಷ್ಟೋ ಜನಕ್ಕೆ ಈ ನಂಬಿಕೆ ಇದೆ, ಅಲ್ವಾ? ಅದಕ್ಕೇ ಅವನ ಸೋಲು ನಮಗೆ ಇಷ್ಟು ನೋಯುತ್ತದೆ.

ತಾನು ಪ್ರೀತಿಸಿದ ಫ್ಲೋರಾನ್ಸ್ ಅನ್ನು ಅವನು ಕಳೆದುಕೊಳ್ಳುವ ರೀತಿ ನೋಡಿ. ಭೇಟಿಯ ಹೊತ್ತಿನ ಬಗ್ಗೆ ಒಂದು ಸಣ್ಣ ಗೊಂದಲ. ಅವನು ಒಂದು ಕಡೆ ಕಾಯುತ್ತಿರುತ್ತಾನೆ, ಅವಳು ಮನೆಗೆ ಬರುತ್ತಾಳೆ. ಮನೆಯಲ್ಲಿ ಪೋಲ್ ಮತ್ತು ಕ್ಲೋವಿಸ್. ಆ ಇಬ್ಬರೂ ಸೇರಿ ಅವಳ ತಲೆಗೆ ತುಂಬುವುದನ್ನು ಕೇಳಿದರೆ ಹೊಟ್ಟೆ ತೊಳಸುತ್ತದೆ. ನೀನು ಅವನಿಗೆ ತಕ್ಕವಳಲ್ಲ, ಅವನ ಜೊತೆ ನಿನಗೆ ನಾಲ್ಕು ದಿನಕ್ಕೆ ಬೇಸರ ಬರುತ್ತದೆ, ನಿನ್ನ ಸ್ವಭಾವವೇ ಬೇರೆ ಅನ್ನುವ ಧಾಟಿ. ಬೈಯುವುದಿಲ್ಲ, ಹೆದರಿಸುವುದಿಲ್ಲ. ಅವಳ ಒಳಿತಿಗೇ ಹೇಳುತ್ತಿದ್ದಾರೆ ಅನ್ನುವ ಹಾಗೆ. ಸ್ವಲ್ಪ ಹೊತ್ತಿಗೆ ಅವಳು ಪೋಲ್‌ನವಳಾಗುತ್ತಾಳೆ, ಅದೇ ಮನೆಗೆ ಬಂದು ಇರುತ್ತಾಳೆ. ಪಕ್ಕದ ಕೋಣೆಯಲ್ಲಿ ಶಾರ್ಲ್ ಓದುತ್ತಾ ಕೂತಿರಬೇಕು. ಪೋಲ್‌ಗೆ ಅವಳ ಮೇಲೆ ಪ್ರೀತಿ ಇದೆಯೇ? ಇಲ್ಲ. ದ್ವೇಷವೂ ಇಲ್ಲ. ಇನ್ನೊಬ್ಬನಿಗೆ ಒಂದು ವಸ್ತು ಅಮೂಲ್ಯವಾಗಿ ಕಂಡಿತು, ಆದ್ದರಿಂದ ಇವನಿಗೂ ಅದು ಬೇಕಾಯಿತು. ಶ್ರೀಮಂತ ಮನೆಯ ಬೇಸರ ಅಂದರೆ ಏನು ಅಂತ ತೋರಿಸಿದ ದೃಶ್ಯಗಳಲ್ಲಿ ಇದಕ್ಕಿಂತ ನಿಖರವಾದದ್ದನ್ನು ನಾನು ನೋಡಿಲ್ಲ. ಫ್ಲೋರಾನ್ಸ್ ಪಾತ್ರ ಮಾಡಿದ ಜೂಲಿಯೆತ್ ಮೇನಿಯೆಲ್ ಅವರ ತಿಳಿಗಣ್ಣುಗಳಲ್ಲಿ ಆ ಹೊತ್ತು ಏನೋ ಆರಿಹೋಗುವುದನ್ನು ಗಮನಿಸಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಕೊರತೆ ಏನು. ಈ ಹುಡುಗರಿಗೆ ಯಾವುದೂ ಎದುರು ನಿಲ್ಲುವುದಿಲ್ಲ. ಮನೆಯ ಹಿರಿಯರು ತೆರೆಯ ಮೇಲೆ ಬರುವುದೇ ಇಲ್ಲ. ಪರೀಕ್ಷೆ ತಾನಾಗಿ ದಾಟುತ್ತದೆ. ಹುಡುಗಿ ಬಸಿರಾದರೆ ಕ್ಲೋವಿಸ್ ನೋಡಿಕೊಳ್ಳುತ್ತಾನೆ. ಹೊರಗೆ, ಫ್ರಾನ್ಸಿನ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದಲ್ಲಿ 1954ರಿಂದ ಸ್ವಾತಂತ್ರ್ಯಕ್ಕಾಗಿ ಯುದ್ಧ. ಅದೇ ಬಿಕ್ಕಟ್ಟಿನಿಂದ 1958ರಲ್ಲಿ ಸರ್ಕಾರವೇ ಉರುಳಿ ಜನರಲ್ ದ ಗಾಲ್ ಅಧಿಕಾರಕ್ಕೆ ಮರಳಿದ್ದರು. ಇವರದೇ ವಯಸ್ಸಿನ ರೈತರ, ಕಾರ್ಮಿಕರ ಮಕ್ಕಳನ್ನು ಕಡ್ಡಾಯ ಸೇವೆಗೆ ಹಡಗು ಹತ್ತಿಸಿ ಕಳಿಸುತ್ತಿದ್ದರು. ಕಾಲೇಜಿನಲ್ಲಿ ಇರುವವರೆಗೆ ವಿದ್ಯಾರ್ಥಿಗಳಿಗೆ ಅದನ್ನು ಮುಂದೂಡಿಕೊಳ್ಳುವ ಅವಕಾಶ ಇತ್ತು. ಪೋಲ್‌ನ ಮನೆಯೊಳಗೆ ಕೇಳುವುದು ವಾಗ್ನರ್ ಮಾತ್ರ. ‘ಹೊಸ ಅಲೆ’ ಅನ್ನುವ ಹೆಸರು ಕೂಡ ಮೊದಲು ಈ ಪೀಳಿಗೆಗೆ ಬಂದದ್ದು. 1957ರಲ್ಲಿ ‘ಲೆಕ್ಸ್‌ಪ್ರೆಸ್’ ವಾರಪತ್ರಿಕೆ ಯುವಜನರ ಬಗ್ಗೆ ದೊಡ್ಡ ಸಮೀಕ್ಷೆ ಮಾಡಿ ಆ ಹೆಸರಿಟ್ಟಿತು. ಶಾಬ್ರೋಲ್‌ರಂಥ ಹೊಸ ಪೀಳಿಗೆಯ ಸಿನಿಮಾದವರಿಗೆ ಅದು ಅಂಟಿಕೊಂಡದ್ದು ಆಮೇಲೆ.

ಯಾವುದಕ್ಕೂ ಪರಿಣಾಮ ಇಲ್ಲದ ಕಡೆ ಎಲ್ಲವೂ ನಾಟಕ ಆಗುತ್ತದೆ. ಪೋಲ್ ಸದಾ ನಟಿಸುತ್ತಿರುತ್ತಾನೆ, ಗಮನಿಸಿದಿರಾ? ಗಡ್ಡ, ನಿಲುವಂಗಿ, ಭಾಷಣ, ಟೋಪಿ, ಗೋಡೆಯ ಮೇಲಿನ ಬಂದೂಕುಗಳು. ಛಾಯಾಗ್ರಾಹಕ ಆನ್ರಿ ದೆಕೇ ಆ ಮನೆಯನ್ನು ರಂಗಮಂದಿರದ ಹಾಗೆಯೇ ಚಿತ್ರಿಸಿದ್ದಾರೆ. ಕ್ಯಾಮೆರಾ ಕೋಣೆಯ ಸುತ್ತ ಮೆಲ್ಲಗೆ ತಿರುಗುತ್ತದೆ. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಹಿಡಿಯುತ್ತದೆ, ಮತ್ತೆ ಪೋಲ್ ಹತ್ತಿರವೇ ಬಂದು ನಿಲ್ಲುತ್ತದೆ. ಮನೆ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಬೀದಿಗೆ ಕ್ಯಾಮೆರಾ ಒಯ್ದ ಹೊಸ ಅಲೆಯ ಸಿನಿಮಾ ಅಂದುಕೊಂಡು ಬಂದವರಿಗೆ ಇದು ಆಶ್ಚರ್ಯ. ನನಗೆ ಇದು ಸರಿಯಾದ ಆಯ್ಕೆ. ಪೋಲ್ ಬದುಕುವುದೇ ಸೆಟ್ಟಿನಲ್ಲಿ.

ಆ ಬಂದೂಕುಗಳಿಂದ ಕೊನೆಗೆ ಬರೋಣ. ಪೋಲ್ ಅವುಗಳನ್ನು ಗುರಿಯಿಟ್ಟು ಟ್ರಿಗರ್ ಒತ್ತುವ ಚೇಷ್ಟೆ ಮಾಡುತ್ತಿರುತ್ತಾನೆ. ಖಾಲಿ ಬಂದೂಕು, ಬರೀ ಸದ್ದು. ಪರೀಕ್ಷೆಯಲ್ಲಿ ಸೋತ ರಾತ್ರಿ ಶಾರ್ಲ್ ತನ್ನ ವಿದ್ಯಾರ್ಥಿ ಕಾರ್ಡನ್ನು ಹರಿದು ಸೇನ್ ನದಿಗೆ ಎಸೆಯುತ್ತಾನೆ. ಮನೆಗೆ ಬಂದು ರಿವಾಲ್ವರ್‌ನ ಆರು ಗುಂಡಿನ ಗೂಡುಗಳಲ್ಲಿ ಒಂದಕ್ಕೆ ಮಾತ್ರ ಗುಂಡು ಹಾಕುತ್ತಾನೆ, ತಿರುಗಿಸುತ್ತಾನೆ, ಮಲಗಿರುವ ಪೋಲ್‌ನ ತಲೆಗೆ ಹಿಡಿದು ಒತ್ತುತ್ತಾನೆ. ಖಾಲಿ. ಪೋಲ್‌ಗೆ ಇಲ್ಲೂ ಅದೃಷ್ಟ. ಆದರೆ ಶಾರ್ಲ್ ಆ ಗುಂಡನ್ನು ತೆಗೆಯುವುದಿಲ್ಲ. ಬೆಳಗ್ಗೆ ಪೋಲ್ ಎಂದಿನ ಚೇಷ್ಟೆಯಂತೆ ಅದೇ ರಿವಾಲ್ವರನ್ನು ಅವನ ಕಡೆ ತಿರುಗಿಸಿ ಒತ್ತುತ್ತಾನೆ.

ಗುಂಡು ತುಂಬಿದವನು ಶಾರ್ಲ್, ಹಾರಿಸಿದವನು ಪೋಲ್. ಕಾನೂನು ಓದುವ ಹುಡುಗರಿಗೆ ಶಾಬ್ರೋಲ್ ಕೊಟ್ಟ ನಿಜವಾದ ಪರೀಕ್ಷೆಯ ಪ್ರಶ್ನೆ ಇದು. ನಿಮ್ಮ ಪ್ರಶ್ನೆಯಲ್ಲಿ ಒಳ್ಳೆಯವನು ಸತ್ತ ಅನ್ನುವ ಧಾಟಿ ಇದೆ. ಹಿಂದಿನ ರಾತ್ರಿ ಆ ಒಳ್ಳೆಯವನು ಮಲಗಿದ್ದವನನ್ನು ಕೊಲ್ಲಲು ಹೋಗಿದ್ದ ಅನ್ನುವುದನ್ನು ಬಿಡಬೇಡಿ. ಇಷ್ಟು ದಿನ ಆ ಮನೆಯ ಯಾವ ಆಟಕ್ಕೂ ಸೇರದೆ ಇದ್ದವನು ಒಂದೇ ಒಂದು ಆಟ ಆಡಿದ, ಅದೂ ನಿಜವಾದ ಗುಂಡು ಹಾಕಿ. ಪೋಲ್ ಗೆದ್ದ ಅಂತ ನನಗೆ ಅನಿಸುವುದಿಲ್ಲ. ಅವನ ಜೀವನದಲ್ಲಿ ಮೊದಲ ಸಲ ಅವನು ಮಾಡಿದ್ದು ನಿಜ ಆಯಿತು. ಇದನ್ನು ಕ್ಲೋವಿಸ್ ಬಂದು ನೋಡಿಕೊಳ್ಳಲು ಆಗುವುದಿಲ್ಲ. ಆದರೆ ಈ ಸಲವೂ ಸತ್ತವನು ಬೇರೆಯವನೇ. ಅದಕ್ಕೇ ಈ ಕೊನೆ ನನ್ನನ್ನು ಇಷ್ಟು ಕಾಡುತ್ತದೆ.

ಮುಂದೆ ಏನು ನೋಡಬೇಕು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೊದಲು ‘ಲೆ ಬೋ ಸೆರ್ಜ್’. ಆಮೇಲೆ ರೋಬೆರ್ ಬ್ರೆಸ್ಸೋಂ ಅವರ 1977ರ ‘ದಿ ಡೆವಿಲ್, ಪ್ರಾಬಬ್ಲಿ’. ಅಲ್ಲೂ ಉಳ್ಳವರ ಮನೆಯ ಹುಡುಗ, ಅವನ ಹೆಸರೂ ಶಾರ್ಲ್. ಆದರೆ ಅವನಿಗೆ ಬೇಸರ ಅಲ್ಲ, ನಿರಾಸೆ. ನದಿ, ಗಾಳಿ, ಕಾಡು ಎಲ್ಲ ಹಾಳಾಗುವುದನ್ನು ನೋಡಿ ಬದುಕುವುದೇ ಬೇಡ ಅನಿಸಿದವನು. ಮನಸ್ಸು ಕುಗ್ಗಿರುವ ಹೊತ್ತಿನಲ್ಲಿ ಮಾತ್ರ ಅದನ್ನು ನೋಡಬೇಡಿ, ಆತ್ಮಹತ್ಯೆಯ ವಿಷಯ ಅದರಲ್ಲಿ ನೇರವಾಗಿದೆ. ಆಮೇಲೆ ಶಾಬ್ರೋಲ್ ಅವರದೇ 1995ರ ‘ಲಾ ಸೆರೆಮೊನಿ’. ಶ್ರೀಮಂತರ ಮನೆಯ ಕೆಲಸದವಳ ಕಡೆಯಿಂದ ಹೇಳಿದ ಕಥೆ. ಅಲ್ಲಿ ಬೆಲೆ ತೆರುವವರು ಬದಲಾಗುತ್ತಾರೆ. ಇವನ್ನೆಲ್ಲ ನೋಡಿದ ಮೇಲೆ ‘ದಿ ಕಸಿನ್ಸ್’ಗೆ ಮರಳಿ ಬಂದು ಜೆನ್ವಿಯೆವ್ ಬಂದು ಹೋಗುವ ಆ ಕೆಲವು ನಿಮಿಷ ಮತ್ತೊಮ್ಮೆ ಹಾಕಿಕೊಳ್ಳಿ. ಪೋಲ್ ಬಗ್ಗೆ ನಿಮ್ಮ ಅಭಿಪ್ರಾಯ ಬದಲಾದರೆ ಖಂಡಿತ ಬರೆದು ತಿಳಿಸಿ. ಬದಲಾಗದಿದ್ದರೂ ಬರೆಯಿರಿ.